ಕಡತ ಕಾಯುವ ರೇಡಿಯೊ ಚೀಟಿ: ಒಂದು ಮಳೆಗಾಲದ ಬಳಕೆಯ ಬಳಿಕ

ಕಾಸರಗೋಡಿನ ನಮ್ಮ ವಕೀಲರ ಕಚೇರಿಯಲ್ಲಿ ಕಕ್ಷಿದಾರರ ಮೂಲ ದಾಖಲೆಗಳಿವೆ. 1956ಕ್ಕೆ ಮೊದಲು ಈ ಪ್ರದೇಶವು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದಾಗ ಕನ್ನಡದಲ್ಲಿ ಬರೆಯಲಾದ ಮೂಲಗೇಣಿ ಚೀಟುಗಳೂ (ಭೂಮಿಯ ಶಾಶ್ವತ ಗೇಣಿಯ ಪತ್ರಗಳು) ಅವುಗಳಲ್ಲಿ ಸೇರಿವೆ. ಇವು ತಿಳಿಯದೆ ಹೊರಗೆ ಹೋಗದಿರಲೆಂದು ಕಳೆದ ಮೇ ತಿಂಗಳಲ್ಲಿ, ರೇಡಿಯೊ ಅಲೆಗಳ ಮೂಲಕ ವಸ್ತುಗಳನ್ನು ಗುರುತಿಸುವ ಆರ್‌ಎಫ್‌ಐಡಿ ವ್ಯವಸ್ಥೆಯನ್ನು ಅಳವಡಿಸಿಕೊಂಡೆವು.

ಕಡತದ ರಟ್ಟಿಗೆ ಅಂಟಿಸುವ ತೆಳುವಾದ ಚೀಟಿಯಲ್ಲಿ ಬ್ಯಾಟರಿ ಇರುವುದಿಲ್ಲ. ಬಾಗಿಲ ಬಳಿಯ ಆಂಟೆನಾ 865ರಿಂದ 867 ಮೆಗಾಹರ್ಟ್ಸ್ ಆವರ್ತನದಲ್ಲಿ ಹೊರಸೂಸುವ ಅಲೆಗಳಿಂದಲೇ ಶಕ್ತಿ ಪಡೆದು ಅದು ತನ್ನ ಸಂಖ್ಯೆಯನ್ನು ತಿಳಿಸುತ್ತದೆ. ಹೊರಗೊಯ್ಯಲು ಅನುಮತಿ ದಾಖಲಾಗಿರದಿದ್ದರೆ ಗಂಟೆ ಬಾರಿಸುತ್ತದೆ. ಮರೆವಿನಿಂದ ನ್ಯಾಯಾಲಯದ ಕಟ್ಟಿನೊಳಗೆ ಸೇರಿಹೋಗುತ್ತಿದ್ದ ಕಡತಗಳನ್ನು ಇದು ಹಲವು ಬಾರಿ ತಡೆದಿದೆ, ಮೊದಲ ಬಾರಿ ಸಿಕ್ಕಿಬಿದ್ದವನು ನಾನೇ.

ಆದರೆ ಲೋಹ ಮತ್ತು ನೀರು ಇದರ ಶತ್ರುಗಳು. ಪರೀಕ್ಷಿಸಲೆಂದು ಕಡತವೊಂದನ್ನು ಚೀಲದಲ್ಲಿ ಸ್ಟೀಲಿನ ಬುತ್ತಿಗೆ ಒತ್ತಿಕೊಂಡಂತೆ ಇಟ್ಟು ನಡೆದಾಗ ಗಂಟೆ ಬಾರಿಸಲೇ ಇಲ್ಲ; ಎದೆಗವಚಿಕೊಂಡು ಹೋದಾಗ, ಮೈಯಲ್ಲೂ ನೀರಿರುವುದರಿಂದ, ಒಮ್ಮೆ ಬಾರಿಸಿತು, ಒಮ್ಮೆ ಸುಮ್ಮನಿತ್ತು. ಉಕ್ಕಿನ ಕಪಾಟಿನ ಬಾಗಿಲು ಮುಚ್ಚಿದ್ದರೆ ಒಳಗಿನ ಕಡತಗಳನ್ನು ಚೀಟಿ ಓದುವ ಕೈಯಂತ್ರದಿಂದ ಎಣಿಸಲೂ ಆಗುವುದಿಲ್ಲ. ಇದಕ್ಕಿಂತ ದೊಡ್ಡ ಕೊರತೆಯೆಂದರೆ, ಚೀಟಿ ಇರುವುದು ರಟ್ಟಿಗೆ ಮಾತ್ರವಾದ್ದರಿಂದ ಒಳಗಿನ ಹಾಳೆಯೊಂದನ್ನು ಕಳಚಿ ಒಯ್ದರೆ ಅಥವಾ ಮೊಬೈಲಿನಲ್ಲಿ ಚಿತ್ರ ತೆಗೆದುಕೊಂಡರೆ ಯಂತ್ರಕ್ಕೆ ಏನೂ ತಿಳಿಯುವುದಿಲ್ಲ. ಹಳೆಯ ಮೂಲಗೇಣಿ ಚೀಟುಗಳಿಗೆ ಅಂಟು ತಾಗಿಸುವ ಧೈರ್ಯ ನಮಗಿಲ್ಲದ ಕಾರಣ, ಅವುಗಳನ್ನು ಬೇರೆ ಬೇರೆ ಲಕೋಟೆಯಲ್ಲಿಟ್ಟು ಲಕೋಟೆಗೇ ಚೀಟಿ ಹಚ್ಚಿ, ಮರದ ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ್ದೇವೆ.