ಕಕ್ಕಡದ ಮಳೆಗೆ ಯಾವ ದರೋಡೆ?

ಮಡಿಕೇರಿಯಲ್ಲಿ ಕಕ್ಕಡದ (ಜುಲೈ-ಆಗಸ್ಟ್ ಹೊತ್ತಿನ ಕೊಡವ ತಿಂಗಳು) ಮಳೆ ಹಿಡಿದರೆ ಸಂಜೆ ಆರಕ್ಕೇ ಬಾಗಿಲು ಹಾಕಿ ಕೂರಬೇಕು. ಅಂಥ ರಾತ್ರಿಗೆ, ಎಡವಟ್ಟಾದ ದರೋಡೆಯ ಎರಡು ಕಡಿಮೆ ಖರ್ಚಿನ ಚಿತ್ರಗಳಲ್ಲಿ ಯಾವುದನ್ನು ನೋಡುವುದು?

1992ರ ‘ರಿಸರ್ವಾಯರ್ ಡಾಗ್ಸ್’ನಲ್ಲಿ ವಜ್ರದ ದರೋಡೆ ತೆರೆಯ ಮೇಲೆ ಕಾಣುವುದೇ ಇಲ್ಲ. ಇರುವುದು ಹೆಚ್ಚಾಗಿ ಒಂದು ಖಾಲಿ ಗೋದಾಮು, ರಕ್ತ ಮೆತ್ತಿದ ಬಿಳಿ ಅಂಗಿ, ‘ನಮ್ಮಲ್ಲಿ ಪೊಲೀಸರ ಕಡೆಯವನು ಯಾರು’ ಎಂಬ ಜಗಳ. ಹಣವಿಲ್ಲದ್ದನ್ನೇ ಬಂಡವಾಳ ಮಾಡಿಕೊಂಡ ಜಾಣತನ! ಆದರೆ ಕಿವಿ ಕತ್ತರಿಸುವ ಹೊತ್ತಿಗೆ ಕ್ಯಾಮೆರಾವೇ ಗೋಡೆಯತ್ತ ಮುಖ ತಿರುಗಿಸುತ್ತದೆ. ನಾನು ಕಾಫಿ ಬಿಸಿ ಮಾಡುವ ನೆಪದಲ್ಲಿ ಎದ್ದು ಹೋದೆ. ಅತ್ತೆ ಮಾವ ಜೊತೆಗಿದ್ದರೆ ಇದು ಬೇಡ.

ನಿರ್ದೇಶಕ ಸ್ಟಾನ್ಲಿ ಕುಬ್ರಿಕ್‌ನ ‘ದಿ ಕಿಲ್ಲಿಂಗ್’ 1956ರ ಕಪ್ಪು-ಬಿಳುಪು ಚಿತ್ರ. ಕುದುರೆ ಜೂಜಿನ ಹಣ ದೋಚುವ ಒಂದೇ ದಿನವನ್ನು ಹಿಂದೆ ಮುಂದೆ ಮಾಡಿ, ಒಬ್ಬೊಬ್ಬನ ಬೆನ್ನು ಹಿಡಿದು ಹೇಳುತ್ತದೆ. ಹೂವಿನ ಪೆಟ್ಟಿಗೆಯಲ್ಲಿ ಬಂದೂಕು ಒಳಗೆ ಹೋಗುವಾಗ ಉಸಿರು ಬಿಗಿಹಿಡಿದೆ. ನಡುವೆ ಬರುವ ನಿರೂಪಕನ ದನಿ ಮಾತ್ರ ಹಳೆಯ ವಾರ್ತಾಚಿತ್ರದಂತೆ ಕಿರಿಕಿರಿ.

ನನ್ನ ಮತ ಇದಕ್ಕೇ. ಒಂದೂವರೆ ಗಂಟೆಯೊಳಗೆ ಮುಗಿಯುತ್ತದೆ, ಕರೆಂಟು ಹೋದರೂ ಲ್ಯಾಪ್‌ಟಾಪ್ ಬ್ಯಾಟರಿ ಸಾಕು.