ಜೋಡಿಗಾಜಿನ ಕಿಟಕಿ: ಗಾಜನ್ನು ಮೆಚ್ಚಿದೆ, ಅಂಚಿನ ಜೊತೆ ಜಗಳವಾಡಿದೆ

ಮನೆಯ ಓದುಕೋಣೆ, ಮಲಗುವ ಕೋಣೆ ಮತ್ತು ನಮ್ಮ ಪುಟ್ಟ ಕಚೇರಿಯ ಒಂದು ಬದಿ, ಇಷ್ಟಕ್ಕೆ ಜೋಡಿಗಾಜಿನ ಕಿಟಕಿಗಳನ್ನು ಹಾಕಿಸಿ ಹಲವು ವರ್ಷಗಳಾದವು. ಮೊದಲ ಬೇಸಿಗೆಯಲ್ಲೇ ಬರೆದಿದ್ದರೆ ಈ ವಿಮರ್ಶೆ ಬರೀ ಹೊಗಳಿಕೆಯಾಗಿರುತ್ತಿತ್ತು. ಒಂದು ಕಿಟಕಿಯ ಹೊಟ್ಟೆಯೊಳಗೆ ಮಂಜು ಕಟ್ಟಿದ ವರ್ಷ ಬರೆದಿದ್ದರೆ ಬರೀ ಬೈಗುಳ. ಎರಡೂ ಆವೇಶ ಇಳಿದ ಮೇಲೆ ಬರೆಯುತ್ತಿದ್ದೇನೆ. ಆದರೂ ಆ ಮಂಜಿನ ವಿಷಯ ಬಂದಾಗ ದನಿ ಏರಿದರೆ ಓದುಗರು ಸಹಿಸಿಕೊಳ್ಳಬೇಕು.

ತಾಂತ್ರಿಕ ವಿವರಗಳ ಪಟ್ಟಿ ಎಲ್ಲ ಮಾರಾಟಗಾರರ ಬಳಿಯೂ ಸಿಗುತ್ತದೆ. ನಾನು ಕೊಂಡಿದ್ದು ಸಾಮಾನ್ಯವಾಗಿ ಎಲ್ಲರೂ ಕೊಳ್ಳುವಂಥದ್ದೇ: ಹೊರಗೊಂದು 6 ಮಿಲಿಮೀಟರ್ ಹಾಳೆ, ಒಳಗೊಂದು 6 ಮಿಲಿಮೀಟರ್ ಹಾಳೆ, ನಡುವೆ 12 ಮಿಲಿಮೀಟರ್ ಅಂತರ, ಅದರಲ್ಲಿ ಆರ್ಗಾನ್ ಅನಿಲ, ಹೊರಹಾಳೆಯ ಒಳಮೈಗೆ ಬೆಳ್ಳಿಯ ತೆಳುಲೇಪನ. ಲೋ-ಇ, ಎಂದರೆ ಶಾಖವನ್ನು ಕಡಿಮೆ ಸೂಸುವಂಥದ್ದು, ಎಂದು ಕರೆಯುವುದು ಈ ಲೇಪನವನ್ನೇ.

ಮಾರಾಟಗಾರರು ಬಾಯಿ ತೆರೆದರೆ ಯು-ಮೌಲ್ಯ ಎನ್ನುತ್ತಾರೆ. ಗಾಜಿನ ಮೂಲಕ ಎಷ್ಟು ಶಾಖ ದಾಟಿಹೋಗುತ್ತದೆ ಎಂಬ ಅಳತೆ ಅದು. ಒಂಟಿ ಹಾಳೆಗೆ ಸುಮಾರು 5.7, ಲೇಪನವಿಲ್ಲದ ಜೋಡಿಗಾಜಿಗೆ ಸುಮಾರು 2.8, ಒಳ್ಳೆಯ ಲೇಪನ ಮತ್ತು ಆರ್ಗಾನ್ ಸೇರಿದರೆ 1.1ರಿಂದ 1.5ರ ಆಸುಪಾಸು. ಕಡಿಮೆಯಾದಷ್ಟೂ ಒಳ್ಳೆಯದು. ಚಳಿಯೇ ಮುಖ್ಯ ತೊಂದರೆಯಾಗಿದ್ದರೆ ಈ ಅಂಕಿಯೇ ದೇವರು. ನನ್ನ ತೊಂದರೆ ಬಿಸಿಲು. ಬಿಸಿಲಿಗೆ ಬೇರೆಯದೇ ಅಂಕಿಯಿದೆ: ಗಾಜಿನ ಮೇಲೆ ಬಿದ್ದ ಸೂರ್ಯನ ಶಾಖದಲ್ಲಿ ಎಷ್ಟು ಪಾಲು ಕೋಣೆಗೆ ಬರುತ್ತದೆ ಎನ್ನುವ ಸೌರಶಾಖ ಗುಣಾಂಕ. ಲೇಪನವಿಲ್ಲದ ಒಂಟಿ ಹಾಳೆಗೆ ಅದು 0.8ರ ಸುತ್ತ. ಅಂಥವೇ ಎರಡು ಹಾಳೆಗಳನ್ನು ಜೋಡಿಸಿದರೂ 0.7ರ ಸುತ್ತಲೇ ನಿಲ್ಲುತ್ತದೆ. ಎಂದರೆ ಯು-ಮೌಲ್ಯ ಅರ್ಧಕ್ಕೆ ಇಳಿದರೂ ಸಂಜೆಯ ಬಿಸಿಲು ಮಾತ್ರ ಹೆಚ್ಚುಕಡಿಮೆ ಮೊದಲಿನಂತೆಯೇ ಒಳಗೆ ಬಂದು ಕೂರುತ್ತದೆ. ಅದನ್ನು 0.3ರ ಮಟ್ಟಕ್ಕೆ ಇಳಿಸುವುದು ಲೇಪನ, ಎರಡನೆಯ ಹಾಳೆಯಲ್ಲ. ನೇರ ಬಿಸಿಲು ಬೀಳುವ ಕಿಟಕಿಗೆ ಲೇಪನವಿಲ್ಲದ ಜೋಡಿಗಾಜನ್ನು ಯಾರಾದರೂ ದಾಟಿಸಲು ನೋಡಿದರೆ ದಯವಿಟ್ಟು ಒಪ್ಪಬೇಡಿ.

ಓದುಕೋಣೆಯ ಕಿಟಕಿ ಪಶ್ಚಿಮಕ್ಕಿದೆ. ಸಂಜೆಯ ಸೂರ್ಯ ಕೆಳಗಿನಿಂದ ನೇರವಾಗಿ ಬರುವುದರಿಂದ ಸಜ್ಜಾ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಿಂದೆ ಮಧ್ಯಾಹ್ನದ ಹೊತ್ತಿಗೇ ದಪ್ಪ ಪರದೆ ಎಳೆದು, ಹಗಲಲ್ಲೇ ದೀಪ ಹಾಕಿಕೊಂಡು ಕೂರುತ್ತಿದ್ದೆ. ಈಗ ಪರದೆ ಬದಿಗೆ ಸರಿದು ಅಲ್ಲೇ ನಿಂತಿದೆ. ಕುರ್ಚಿ ಕಿಟಕಿಗೆ ಅಂಟಿಕೊಂಡೇ ಇದೆ. ಥರ್ಮಾಮೀಟರ್ ತೋರಿಸುವ ಉಷ್ಣತೆ ಒಂದೇ ಇದ್ದರೂ ಬಿಸಿ ಗಾಜಿನ ಪಕ್ಕ ಕೂತಾಗ ಕೆನ್ನೆ ಸುಡುತ್ತಿತ್ತಲ್ಲ, ಅದು ಗಾಜು ನಮ್ಮತ್ತ ಸೂಸುವ ವಿಕಿರಣ. ಎರಡು ಹಾಳೆಗಳ ನಡುವೆ ದಾಟುವ ಶಾಖದಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ವಿಕಿರಣದ ರೂಪದಲ್ಲೇ ದಾಟುತ್ತದೆ. ಬರಿಯ ಗಾಜಿನ ಮೈ ಸೂಸಬಲ್ಲಷ್ಟರ ಸುಮಾರು 84 ಪ್ರತಿಶತವನ್ನು ಸೂಸಿಬಿಡುತ್ತದೆ, ಒಳ್ಳೆಯ ಬೆಳ್ಳಿಯ ಲೇಪನ ಹೊತ್ತ ಮೈ 5 ಪ್ರತಿಶತಕ್ಕಿಂತ ಕಡಿಮೆ. ಬಿಸಿಲು ಜೋರಾಗಿರುವಾಗ ಒಳಹಾಳೆಯ ಮೇಲೆ ಅಂಗೈ ಇಟ್ಟು ನೋಡುವುದು ನನಗೆ ರೂಢಿಯಾಗಿಬಿಟ್ಟಿದೆ. ಗಾಜು ಸ್ವಲ್ಪ ಬೆಚ್ಚಗಿರುತ್ತದೆ, ಅಷ್ಟೇ. ಕೈ ಹಿಂದೆಗೆಯಬೇಕಾದ ದಿನ ಬಂದಿಲ್ಲ.

ನಾನು ಎಣಿಸಿರದ ಇನ್ನೊಂದು ಸಂತೋಷ ಬೆಳಗಿನ ಇಬ್ಬನಿ. ಆಕಾಶ ಶುಭ್ರವಾಗಿದ್ದು ಗಾಳಿಯಲ್ಲಿ ತೇವವಿರುವ ರಾತ್ರಿಗಳ ಮರುದಿನ ಈ ಕಿಟಕಿಗಳ ಹೊರಮೈಯಲ್ಲಿ ಸಣ್ಣ ಹನಿಗಳ ತೆರೆ ಕಟ್ಟಿರುತ್ತದೆ. ಅಂಚಿನಲ್ಲಿ ಬೆರಳಗಲದ ಪಟ್ಟಿ ಮಾತ್ರ ಒಣಗಿರುತ್ತದೆ, ಏಕೆಂದರೆ ಅಲ್ಲಿ ಎರಡು ಹಾಳೆಗಳ ನಡುವಿನ ಲೋಹದ ಪಟ್ಟಿ, ಅಂದರೆ ಸ್ಪೇಸರ್, ಒಳಗಿನ ಬೆಚ್ಚನ್ನು ಹೊರಹಾಳೆಗೆ ಸಾಗಿಸುತ್ತಿರುತ್ತದೆ. ಮನೆಯ ಇತರ ಒಂಟಿಗಾಜಿನ ಕಿಟಕಿಗಳಲ್ಲಿ ಈ ಇಬ್ಬನಿ ಕೂರುವುದೇ ಇಲ್ಲ. ಅವು ಕೋಣೆಯ ಶಾಖವನ್ನು ಹೊರಮೈವರೆಗೂ ಸೋರಗೊಡುತ್ತವೆ. ಹೊರಗಿನ ಇಬ್ಬನಿಯನ್ನು ದೋಷವೆಂದು ದೂರುವವರನ್ನು ನೋಡಿದ್ದೇನೆ. ಅದು ಗಾಜು ತನ್ನ ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಗುರುತು. ಬಿಸಿಲೇರಿದ ಕೂಡಲೇ ಹೊರಟುಹೋಗುತ್ತದೆ. ನಾನಂತೂ ಕಾಫಿ ಕೈಯಲ್ಲಿ ಹಿಡಿದು ಅದು ಮೇಲಿನಿಂದ ಕೆಳಕ್ಕೆ ಆರುವುದನ್ನು ನೋಡುತ್ತಾ ನಿಲ್ಲುತ್ತೇನೆ.

ಸದ್ದಿನ ಬಗ್ಗೆ ಅಷ್ಟು ಖುಷಿಯಿಲ್ಲ. ಎರಡು ಹಾಳೆಗಳೂ ಒಂದೇ ದಪ್ಪ ಇದ್ದರೆ ಎರಡೂ ಒಂದೇ ಕಂಪನಕ್ಕೆ ಸೋಲುತ್ತವೆ. ಮಾತು, ಹಾರನ್ ತಗ್ಗುತ್ತವೆ. ಭಾರೀ ವಾಹನದ ಗುಡುಗು ಹಾಗೆಯೇ ಒಳಬರುತ್ತದೆ. ಮಲಗುವ ಕೋಣೆಗೆ ಒಳಗಡೆ ಲ್ಯಾಮಿನೇಟೆಡ್ ಹಾಳೆ (ನಡುವೆ ಪ್ಲಾಸ್ಟಿಕ್ ಪದರವಿಟ್ಟು ಬೆಸೆದ ಗಾಜು) ಹಾಕಿಸಿದ್ದರಿಂದ ಅಲ್ಲಿ ನಿದ್ದೆ ಬರುತ್ತದೆ. ನಿಶ್ಶಬ್ದವೇ ಬೇಕೆಂದರೆ ದಪ್ಪ ಬೇರೆಬೇರೆ ಇರಲಿ, ಒಂದಾದರೂ ಲ್ಯಾಮಿನೇಟೆಡ್ ಇರಲಿ. ಆರ್ಗಾನ್‌ನಿಂದ ಸದ್ದಿಗೆ ಹೇಳಿಕೊಳ್ಳುವಂಥ ಪ್ರಯೋಜನವಿಲ್ಲ.

ಕಚೇರಿಯಲ್ಲಿ ಎದುರಾದ ಕಿರಿಕಿರಿ ಬೇರೆ. ಬೆಳ್ಳಿಯ ಲೇಪನ ಶಾಖವನ್ನು ತಡೆದಂತೆ ಮೊಬೈಲ್ ತರಂಗಗಳನ್ನೂ ತಡೆಯುತ್ತದೆ. ಗಾಜಿನ ಬದಿಗೆ ಕೂತವರಿಗೇ ಸಂಕೇತ ದುರ್ಬಲ. ಕರೆ ಬಂದರೆ ಕಿಟಕಿಯ ರೆಕ್ಕೆಯೊಂದನ್ನು ಅರೆ ತೆರೆಯುವುದು ಅಲ್ಲಿನವರ ಅಭ್ಯಾಸವಾಗಿದೆ. ಕಡೆಗೆ ಕರೆಗಳನ್ನು ವೈಫೈ ಮೂಲಕ ಹಾಯಿಸಿದೆವು. ಇದನ್ನು ಯಾವ ಮಾರಾಟಗಾರರೂ ಮೊದಲೇ ಹೇಳಲಿಲ್ಲ.

ಈಗ ಮಂಜಿನ ವಿಷಯ.

ಓದುಕೋಣೆಯ ಎರಡು ಕಿಟಕಿಗಳಲ್ಲಿ ಒಂದರ ಕೆಳಮೂಲೆಯಲ್ಲಿ, ಒಂದು ಮಳೆಗಾಲದ ಕೊನೆಗೆ, ಉಗುರಿನಾಕಾರದ ಬಿಳಿ ಮಸುಕು ಕಾಣಿಸಿಕೊಂಡಿತು. ಒಳಗಿನಿಂದ ಒರೆಸಿದೆ, ಹೊರಗಿನಿಂದ ಒರೆಸಿದೆ, ಹೋಗಲಿಲ್ಲ. ಮಧ್ಯಾಹ್ನ ತಾನಾಗಿಯೇ ಮಾಯವಾಗಿ ಮರುದಿನ ಬೆಳಗ್ಗೆ ತುಸು ಅಗಲವಾಗಿ ಮರಳುತ್ತಿತ್ತು. ತಿಂಗಳುಗಳು ಕಳೆದಂತೆ ಅದು ಗಾಜಿನ ಅರ್ಧದವರೆಗೆ ಏರಿತು. ಹನಿಗಳು ಇಳಿದ ಜಾಡುಗಳು ಉಪ್ಪಿನ ಗೆರೆಗಳಾಗಿ ಒಳಗೇ ಉಳಿದುಕೊಂಡವು. ಆಮೇಲೆ ಅಂಚಿನ ಉದ್ದಕ್ಕೂ ಕಂದು ಚುಕ್ಕೆಗಳು ಎದ್ದವು. ಬೆಳ್ಳಿಯ ಲೇಪನ ತೇವ ತಾಗಿ ಕೆಡತೊಡಗಿತ್ತು. ಸೂರ್ಯಾಸ್ತವನ್ನು ನೋಡಲೆಂದೇ ಕುರ್ಚಿ ಹಾಕಿಕೊಂಡಿದ್ದವರಿಗೆ ಇದು ಎಷ್ಟು ಸಂಕಟದ ನೋಟ ಎಂದು ಹೇಳಿ ತಿಳಿಸಲಾರೆ.

ಜೋಡಿಗಾಜಿನ ಜೀವ ಇರುವುದು ಅಂಚಿನಲ್ಲಿ. ಎರಡು ಹಾಳೆಗಳನ್ನು ದೂರವಿಡುವ ಸ್ಪೇಸರ್ ಟೊಳ್ಳಾದ ಪಟ್ಟಿ. ಅದರೊಳಗೆ ತೇವ ಹೀರುವ ಸಣ್ಣ ಮಣಿಗಳಿರುತ್ತವೆ, ಔಷಧದ ಡಬ್ಬಿಯಲ್ಲಿ ಇಡುವ ಪೊಟ್ಟಣದ ಹಾಗೆ. ಸ್ಪೇಸರ್ ಮತ್ತು ಗಾಜಿನ ನಡುವೆ ರಬ್ಬರಿನಂಥ ಅಂಟು ಬ್ಯೂಟೈಲ್‌ನ ತೆಳುವಾದ ಕಪ್ಪು ಗೆರೆ, ತೇವವನ್ನೂ ಅನಿಲವನ್ನೂ ನಿಜವಾಗಿ ತಡೆಯುವುದು ಅದೇ. ಅದರ ಹೊರಗೆ ಪಾಲಿಸಲ್ಫೈಡ್ ಅಥವಾ ಸಿಲಿಕೋನ್ ಪದರ, ಎಲ್ಲವನ್ನೂ ಹಿಡಿದಿಡಲು. ಎರಡು ಹಾಳೆಗಳ ನಡುವೆ ಗಾಳಿಯನ್ನು ಮುಚ್ಚಿಡುವ ಉಪಾಯಕ್ಕೆ ಅಮೆರಿಕದ ಥಾಮಸ್ ಸ್ಟೆಟ್ಸನ್ 1865ರಲ್ಲೇ ಪೇಟೆಂಟ್ ಪಡೆದಿದ್ದರು. ಅಂದಿನಿಂದ ಗಾಜು ಬದಲಾಗಿದೆ, ಲೇಪನ ಬಂದಿದೆ, ಅನಿಲ ಬಂದಿದೆ, ಆದರೆ ಮುಚ್ಚಿದ್ದು ಮುಚ್ಚಿಯೇ ಇರಬೇಕು ಎನ್ನುವ ಸವಾಲು ಹಾಗೆಯೇ ಇದೆ. ಯುರೋಪಿನ ಇಎನ್ 1279 ಮಾನದಂಡ ಪರೀಕ್ಷಿಸುವುದರಲ್ಲಿ ಮುಖ್ಯವಾದವೂ ಇವೇ: ತೇವ ಎಷ್ಟು ಒಳನುಸುಳುತ್ತದೆ, ಅನಿಲ ಎಷ್ಟು ಹೊರಸೋರುತ್ತದೆ. ಸೋರಿಕೆ ವರ್ಷಕ್ಕೆ 1 ಪ್ರತಿಶತಕ್ಕಿಂತ ಕಡಿಮೆ ಇರಬೇಕು ಎಂಬುದು ಅದರ ಷರತ್ತು.

ಗಾಜನ್ನು ಚೌಕಟ್ಟಿಗೆ ಹಿಡಿದಿಡುವ ಪಟ್ಟಿ, ಅಂದರೆ ಬೀಡಿಂಗ್, ಬಿಚ್ಚಿಸಿ ನೋಡಿದಾಗ ಕಾರಣ ಕಣ್ಣೆದುರೇ ಇತ್ತು. ಕೆಳಚೌಕಟ್ಟಿನ ಕಾಲುವೆಯಲ್ಲಿ ನೀರು ನಿಂತಿತ್ತು, ಕಪ್ಪು ಪಾಚಿಯ ಸಮೇತ. ಮಳೆಯ ನೀರು ಗಾಜಿನ ಸುತ್ತಲಿನ ರಬ್ಬರ್ ಪಟ್ಟಿ (ಗ್ಯಾಸ್ಕೆಟ್) ದಾಟಿ ಸ್ವಲ್ಪ ಒಳಬರುವುದು ಸಹಜ. ಅದು ಹೊರಹೋಗಲೆಂದೇ ಚೌಕಟ್ಟಿನ ಅಡಿಯಲ್ಲಿ ತೂತುಗಳಿರುತ್ತವೆ. ಕಿಟಕಿ ಕೂರಿಸಿದವರು ಆ ತೂತುಗಳನ್ನು ಸಿಲಿಕೋನ್‌ನಿಂದ ಮೆತ್ತಿ ಮುಚ್ಚಿದ್ದರು. ಗಾಜಿನ ಕೆಳಗೆ ಇರಬೇಕಾದ ಪ್ಲಾಸ್ಟಿಕ್ ದಿಂಬುಗಳೂ ಇರಲಿಲ್ಲ. ಗಾಜು ನೇರವಾಗಿ ಲೋಹದ ಮೇಲೆ, ನಿಂತ ನೀರಿನಲ್ಲಿ, ವರ್ಷಗಟ್ಟಲೆ ಕೂತಿತ್ತು. ಯಾವ ಸೀಲಂಟೂ ಇದನ್ನು ತಾಳುವುದಿಲ್ಲ. ಮಣಿಗಳು ಹೀರುವಷ್ಟು ಹೀರಿ ತುಂಬಿದವು, ಉಳಿದ ತೇವ ಗಾಜಿಗೆ ಹತ್ತಿತು.

ಗಾಜು ತಯಾರಿಸಿದವರು ದೋಷ ಕೂರಿಸಿದವರದು ಎಂದರು. ಕೂರಿಸಿದವರು ದೋಷ ಗಾಜಿನದು ಎಂದರು. ಹತ್ತು ವರ್ಷದ ವ್ಯಾರಂಟಿಯ ಕಾಗದದಲ್ಲಿ ‘ಸರಿಯಾಗಿ ಅಳವಡಿಸಿದ್ದರೆ’ ಎನ್ನುವ ಸಾಲು ಸಣ್ಣಕ್ಷರದಲ್ಲಿ ಕಾದು ಕೂತಿತ್ತು. ತೂತು ಕೊರೆದು ಒಳಗನ್ನು ಒಣಗಿಸಿಕೊಡುತ್ತೇವೆ ಎಂದವರೂ ಬಂದರು. ಅವರನ್ನು ಕಳುಹಿಸಿಬಿಟ್ಟೆ. ಒಣಗಿಸಿದರೆ ಮಸುಕು ತಾತ್ಕಾಲಿಕವಾಗಿ ಹೋದೀತು, ಹೋದ ಆರ್ಗಾನ್ ಮರಳುವುದಿಲ್ಲ, ಕೆಟ್ಟ ಬೆಳ್ಳಿ ಸರಿಹೋಗುವುದಿಲ್ಲ. ಅಂಥ ಗಾಜಿಗೆ ದುರಸ್ತಿಯಿಲ್ಲ, ಬದಲಿಸುವುದೊಂದೇ ದಾರಿ. ಚೌಕಟ್ಟು ಉಳಿಯಿತು, ಗಾಜಿನ ಹಣ ನನ್ನ ಕೈಯಿಂದಲೇ ಹೋಯಿತು. ನಾಲ್ಕು ಸಣ್ಣ ತೂತುಗಳಿಗಾಗಿ!

ಸಿಟ್ಟು ಇನ್ನೂ ಇದೆ. ಆದರೆ ಬೇಸಿಗೆ ಬಂದಾಗ ಮಸುಕಾದ ಕಿಟಕಿಯ ಪಕ್ಕ ಕೂತೂ ನಾನು ಒಂಟಿಗಾಜಿಗೆ ಹಿಂದಿರುಗುವ ಯೋಚನೆ ಮಾಡಲಿಲ್ಲ ಎಂಬುದನ್ನೂ ಹೇಳಬೇಕು. ಎರಡನೆಯ ಸಲ ತಯಾರಕರ ಕಾರ್ಯಾಗಾರಕ್ಕೇ ಹೋಗಿ ಅಂಚನ್ನು ನೋಡಿದೆ. ಬ್ಯೂಟೈಲ್ ಗೆರೆ ಎಲ್ಲೂ ತುಂಡಾಗದೆ, ಮೂಲೆಗಳಲ್ಲಿ ತೆಳುವಾಗದೆ ಸುತ್ತಲೂ ಓಡಿರಬೇಕು. ಅಂಚಿನ ಸುತ್ತ ಬೆಳ್ಳಿಯ ಲೇಪನವನ್ನು ಉಜ್ಜಿ ತೆಗೆದಿರಬೇಕು. ಸೀಲಂಟ್ ಗಾಜಿಗೆ ಅಂಟಬೇಕೇ ಹೊರತು ಲೇಪನಕ್ಕಲ್ಲ, ಲೇಪನವನ್ನು ಹಾಗೆಯೇ ಬಿಟ್ಟರೆ ತೇವ ಅದರ ಗುಂಟ ಒಳಗೆ ಹರಿದುಬರುತ್ತದೆ. ಅಲ್ಯೂಮಿನಿಯಂ ಸ್ಪೇಸರ್ ಬದಲು ಶಾಖ ಕಡಿಮೆ ಸಾಗಿಸುವ ಸ್ಪೇಸರ್ ಕೇಳಿ ಪಡೆದೆ. ಗಾಜಿನ ಅಂಚು ಬಿಸಿಲಿಗೆ ತೆರೆದೇ ಇರುವ ಕಚೇರಿಯ ಮುಂಭಾಗಕ್ಕೆ ಸಿಲಿಕೋನ್ ಬೇಕು. ಪಾಲಿಸಲ್ಫೈಡ್ ಅನಿಲವನ್ನು ಇನ್ನೂ ಚೆನ್ನಾಗಿ ಹಿಡಿದಿಟ್ಟರೂ ನೇರಳಾತೀತ ಕಿರಣಕ್ಕೆ ಸೋಲುತ್ತದೆ. ಚೌಕಟ್ಟಿನೊಳಗೆ ಅಡಗಿದ ಅಂಚಿಗೆ ಅದು ಸಾಕು.

ಗಾಜನ್ನು ತಿರುವುಮುರುವಾಗಿ ಕೂರಿಸುವವರೂ ಇದ್ದಾರೆ. ಬಿಸಿಲು ತಡೆಯುವ ಲೇಪನ ಹೊರಗಿನಿಂದ ಎಣಿಸಿದಾಗ ಎರಡನೆಯ ಮೈಯಲ್ಲಿರಬೇಕು. ಕತ್ತಲಾದ ಮೇಲೆ ಲೈಟರ್ ಹೊತ್ತಿಸಿ ಗಾಜಿನ ಮುಂದೆ ಹಿಡಿಯಿರಿ: ನಾಲ್ಕು ಮೈಗಳಿಗೆ ನಾಲ್ಕು ಜ್ವಾಲೆಗಳು ಸಾಲಾಗಿ ಕಾಣುತ್ತವೆ. ಅವುಗಳಲ್ಲಿ ಒಂದರ ಬಣ್ಣ ಬೇರೆ, ಗುಲಾಬಿಗೋ ನೇರಳೆಗೋ ತಿರುಗಿರುತ್ತದೆ. ಲೇಪನ ಇರುವುದು ಅಲ್ಲೇ. ಕೋಣೆಯೊಳಗಿನಿಂದ ನೋಡಿದರೆ ನಿಮಗೆ ಹತ್ತಿರದ್ದನ್ನು ಒಂದೆಂದು ಎಣಿಸಿದಾಗ ಅದು ಮೂರನೆಯದಾಗಿರಬೇಕು. ಎಲ್ಲ ಕಿಟಕಿಗಳಿಗೂ ನಾನು ಇದನ್ನು ಮಾಡಿದೆ. ಬಲು ಸುಂದರವಾದ ಪರೀಕ್ಷೆ.

ಕಚೇರಿಯವರಿಗೆ ಇನ್ನೊಂದು ಮಾತು. ಹೊಳಪು ಹೆಚ್ಚೆಂದು ಜೋಡಿಗಾಜಿನ ಒಳಮೈಗೆ ಕಪ್ಪು ಫಿಲ್ಮ್ ಅಂಟಿಸಬೇಡಿ. ನಮ್ಮ ಪಕ್ಕದ ಕೋಣೆಯಲ್ಲಿ ಹಾಗೆ ಮಾಡಿದ ಗಾಜು ಬಿಸಿಲಿನ ದಿನವೊಂದರಲ್ಲಿ ಸೀಳಿತು. ಫಿಲ್ಮ್ ಶಾಖ ಹೀರಿ ನಡುಭಾಗ ಹಿಗ್ಗುತ್ತದೆ, ಚೌಕಟ್ಟಿನ ನೆರಳಲ್ಲಿರುವ ಅಂಚು ತಂಪಾಗೇ ಇರುತ್ತದೆ. ಆ ಎಳೆದಾಟದಲ್ಲಿ ಬಿರುಕು ಅಂಚಿನಿಂದ ಲಂಬವಾಗಿ ಹೊರಟು ಆಮೇಲೆ ಅಡ್ಡಾದಿಡ್ಡಿ ಓಡುತ್ತದೆ. ನೆರಳು ಬೇಕಾದರೆ ಹೊರಗೆ ಕಟ್ಟಿ, ಇಲ್ಲವೇ ಪರದೆಯನ್ನು ಗಾಜಿನಿಂದ ಸ್ವಲ್ಪ ದೂರ ತೂಗುಹಾಕಿ.

ನನ್ನ ಜೇಬಿಗೆ ಇಡೀ ಮನೆಗೆ ಈ ಗಾಜು ಹಾಕಿಸುವ ಶಕ್ತಿಯಿಲ್ಲ, ಅದರ ಅಗತ್ಯವೂ ಕಾಣಲಿಲ್ಲ. ನೇರ ಬಿಸಿಲು ಬೀಳದ ಬದಿಯಲ್ಲಿ ಒಂಟಿ ಹಾಳೆಯೇ ಇದೆ. ಅಲ್ಲಿ ಗ್ಯಾಸ್ಕೆಟ್ ಬದಲಿಸಿ ಸಂದುಗಳನ್ನು ಮುಚ್ಚಿದ್ದಕ್ಕೇ ಸಾಕಷ್ಟು ವ್ಯತ್ಯಾಸವಾಯಿತು. ಹಣ ಮಿತವಾಗಿದ್ದರೆ ಪಶ್ಚಿಮ, ಪೂರ್ವದ ಕಿಟಕಿಗಳಿಗೆ ಮಾತ್ರ ಒಳ್ಳೆಯ ಲೇಪನದ ಗಾಜು ಕೊಳ್ಳಿ, ಉಳಿದ ಹಣ ಚೌಕಟ್ಟಿಗಿರಲಿ. ಶಾಖತಡೆಯಿಲ್ಲದ ಬರಿಯ ಅಲ್ಯೂಮಿನಿಯಂ ಚೌಕಟ್ಟಿನಲ್ಲಿ ಇಂಥ ಗಾಜು ಕೂರಿಸಿದರೆ ಗಾಜು ಉಳಿಸಿದ್ದರಲ್ಲಿ ಒಂದು ಪಾಲನ್ನು ಲೋಹ ಕಳೆಯುತ್ತದೆ.

ಕಚೇರಿಯ ಮಿಕ್ಕ ಬದಿಗೂ ಈ ವರ್ಷ ಹಾಕಿಸುತ್ತಿದ್ದೇವೆ. ಈ ಸಲ ಗಾಜೂ ಅಳವಡಿಕೆಯೂ ಒಬ್ಬರದೇ ಹೊಣೆ ಎಂದು ಕರಾರಿನಲ್ಲಿ ಬರೆಸಿದ್ದೇನೆ. ಪ್ರತಿ ಕಿಟಕಿಯ ಕಾಲುವೆಗೆ ಒಂದು ಲೋಟ ನೀರು ಸುರಿದು, ಅದು ಹೊರಗೆ ಹರಿದುಹೋದದ್ದನ್ನು ತೋರಿಸಿದ ಮೇಲೆಯೇ ಗಾಜು ಕೂರಿಸಬೇಕು ಎಂಬ ಷರತ್ತನ್ನೂ ಸೇರಿಸಿದ್ದೇನೆ. ಮೊದಲು ಗೊಣಗಿದರು, ಆಮೇಲೆ ಸಹಿ ಹಾಕಿದರು.