ಮಕ್ಕಳಿಗೆ ಮನೆ ಕೊಡಲು: ಉಯಿಲೋ, ದಾನಪತ್ರವೋ?

ಉಯಿಲು ಜಾರಿಗೆ ಬರುವುದು ಬರೆದವರು ತೀರಿಕೊಂಡ ಮೇಲೆ. ಅಲ್ಲಿಯವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಸ್ಟಾಂಪ್ ಶುಲ್ಕವಿಲ್ಲ, ನೋಂದಣಿ ಐಚ್ಛಿಕ. ದಾನಪತ್ರಕ್ಕೆ ನೋಂದಣಿಯೂ ಸ್ಟಾಂಪ್ ಶುಲ್ಕವೂ ಕಡ್ಡಾಯ. ದಾನಿ ಬದುಕಿರುವಾಗಲೇ ಪಡೆಯುವವರು ಒಪ್ಪಬೇಕು. ಆಮೇಲೆ ಮನಸ್ಸು ಬದಲಾಯಿತೆಂದು ರದ್ದು ಮಾಡಲಾಗದು.

ಎರಡಕ್ಕೂ ಇಬ್ಬರು ಸಾಕ್ಷಿಗಳು ಬೇಕು. ಉಯಿಲು ಕೋರ್ಟಿನಲ್ಲಿ ಬಿದ್ದುಹೋಗುವುದು ಎಷ್ಟೋ ಸಲ ಇಲ್ಲೇ. ತಕರಾರು ಬಂದರೆ, ಬದುಕಿರುವ ಒಬ್ಬ ಸಾಕ್ಷಿಯಾದರೂ ಬಂದು ನುಡಿಯಬೇಕು. ನೋಂದಣಿಯಾಗಿದ್ದರೂ ಇದು ತಪ್ಪದು. ಎಂಬತ್ತರ ಗೆಳೆಯರಿಗಿಂತ ಕಿರಿಯ ವಯಸ್ಸಿನ, ಪಾಲು ಪಡೆಯದ ಸಾಕ್ಷಿಗಳೇ ವಾಸಿ.

ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಾದರೆ ಲೆಕ್ಕ ಬೇರೆ. ವಿಭಾಗವಾಗದ ತನ್ನ ಪಾಲನ್ನು ಉಯಿಲಿನಲ್ಲಿ ಬರೆಯಬಹುದು (1956ರ ಹಿಂದೂ ಉತ್ತರಾಧಿಕಾರ ಕಾಯ್ದೆ, ಕಲಂ 30). ಉಳಿದ ಪಾಲುದಾರರ ಒಪ್ಪಿಗೆಯಿಲ್ಲದೆ ಅದನ್ನೇ ದಾನ ಕೊಟ್ಟರೆ ಊರ್ಜಿತವಲ್ಲ. ಮುಸ್ಲಿಮರಿಗೆ ಈ ಹೋಲಿಕೆ ಹೊಂದದು. ಅವರ ನಿಯಮಗಳೇ ಬೇರೆ.

ಮನೆಯಲ್ಲೇ ವಾಸವಿರುವ ಹಿರಿಯರಿಗೆ ಉಯಿಲೇ ಸುರಕ್ಷಿತ. ಬದುಕಿರುವಾಗಲೇ ಮಗಳ ಹೆಸರಿಗೆ ಖಾತೆಯಾಗಬೇಕಿದ್ದರೆ ದಾನಪತ್ರ. ಆಗ ನಿಮ್ಮ ಆರೈಕೆಯ ಷರತ್ತನ್ನೂ ವಾಸದ ಹಕ್ಕನ್ನೂ ಪತ್ರದಲ್ಲೇ ಬರೆಸಿ. ಆರೈಕೆ ತಪ್ಪಿದರೆ ಹಿರಿಯ ನಾಗರಿಕರು 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಮತ್ತು ಕಲ್ಯಾಣ ಕಾಯ್ದೆಯ ಕಲಂ 23ರಡಿ ದಾನ ರದ್ದತಿ ಕೇಳಲು ಆ ಷರತ್ತೇ ಆಧಾರ. ಬಾಯಿಮಾತನ್ನು ಸಾಬೀತು ಮಾಡುವುದು ಕಷ್ಟ.